ಹಗ್ಗದ ತುದಿಯ ಮುಷ್ಟಿ

ಮರ ಕೊಯ್ಯುವ ಮೆಷಿನ್ನನ್ನು ಟ್ಯೂನ್ ಮಾಡಲು ಇಬ್ಬರು ಬೇಕು. ಅಂಗಡಿಯವರು ಇದನ್ನು ಕೇಳಿದರೆ ನಗುತ್ತಾರೆ. ನಗಲಿ, ಅವರಿಗೇನು? ಫ್ಯಾನಿನ ಅಡಿಯಲ್ಲಿ ಕೂತು ಮೆಷಿನ್ ಮಾರುವವರು ಅವರು. ನಾನು ಅದನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡು ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ, ಆ ಕಡೆ ಮೂಡುಬಿದಿರೆಯವರೆಗೆ ಮರ ಕಡಿದವನು. ಕಿವಿಗೆ ಹತ್ತಿ ತುರುಕಿಕೊಂಡರೆ ಸಾಕು ಎಂದು ನಂಬಿದ್ದ ಕಾಲ. ಹತ್ತಿಯಿಂದ ಏನೂ ಆಗಲಿಲ್ಲ. ನಲವತ್ತು ತುಂಬುವುದರೊಳಗೆ ನನಗೆ ಬಸ್ಸಿನ ಹಾರ್ನ್ ಕೇಳುತ್ತಿತ್ತು, ಕಂಡಕ್ಟರನ ವಿಸಿಲ್ ಕೇಳುತ್ತಿರಲಿಲ್ಲ.

ಟ್ಯೂನಿಂಗ್ ಎಂದರೆ ಮಹಾ ವಿದ್ಯೆ ಏನಲ್ಲ. ಕಾರ್ಬೊರೇಟರಿನ ಪಕ್ಕದಲ್ಲಿ ಒಂದು ಸಣ್ಣ ಸ್ಕ್ರೂ ಇರುತ್ತದೆ. ಅದನ್ನು ಬಿಗಿ ಮಾಡಿದರೆ ಎಂಜಿನ್ನಿಗೆ ಹೋಗುವ ಪೆಟ್ರೋಲ್ ಕಡಿಮೆಯಾಗಿ ಸ್ವರ ಸಪೂರವಾಗಿ ಮೇಲಕ್ಕೆ ಏರುತ್ತದೆ. ಕೇಳಲು ಬಲು ಚಂದ. ಮರ ಕಡಿಸುವ ಮನೆಯವರಿಗೂ ಅದೇ ಇಷ್ಟ. ಗುಡ್ಡದ ಆಚೆಗೂ ಕೇಳುವ ಹಾಗೆ ಕಿರುಚಿದರೆ "ಮೆಷಿನಿಗೆ ಒಳ್ಳೆ ಪವರ್ ಉಂಟು" ಎನ್ನುತ್ತಾರೆ. ಆದರೆ ಈ ಎಂಜಿನ್ನಿಗೆ ಬೇಕಾದ ಎಣ್ಣೆ ಪೆಟ್ರೋಲಿನಲ್ಲೇ ಬೆರೆತು ಹೋಗುವಂಥದು. ಪೆಟ್ರೋಲ್ ಕಡಿಮೆಯಾದರೆ ಎಣ್ಣೆಯೂ ಕಡಿಮೆ. ಪಿಸ್ಟನ್ ಒಣಗಿ, ಕಾದು, ಸಿಲಿಂಡರಿಗೆ ಕಚ್ಚಿಕೊಂಡು ಕೂರುತ್ತದೆ. ಸ್ಕ್ರೂ ಅತಿಯಾಗಿ ಸಡಿಲ ಮಾಡಿದರೆ ಹೊಗೆ ಕಾರುತ್ತ, ಗಂಟಲು ಕಟ್ಟಿದವನ ಹಾಗೆ ಗುರುಗುಟ್ಟಿ ನಿಂತುಬಿಡುತ್ತದೆ. ಇವೆರಡರ ನಡುವೆ ಒಂದು ಜಾಗ. ಮರಕ್ಕೆ ತಾಗಿಸದೆ ಗಾಳಿಯಲ್ಲಿ ಪೂರ್ತಿ ರೈಸ್ ಮಾಡಿದಾಗ ಸ್ವರ ಸ್ವಲ್ಪ ತೊದಲಬೇಕು, ಮರಕ್ಕೆ ಹಚ್ಚಿದ ಕೂಡಲೇ ತೊದಲು ಬಿಟ್ಟು ಶುದ್ಧವಾಗಬೇಕು. ಆ ತೊದಲು ಮೆಷಿನ್ ಹಿಡಿದವನಿಗೆ ತಿಳಿಯುವುದೇ ಕಷ್ಟ. ನನ್ನಂಥ ಕಿವಿಯವನಿಗಂತೂ ಇಲ್ಲವೇ ಇಲ್ಲ. ದೂರದಲ್ಲಿ ನಿಂತವನಿಗೆ ಅದು ಚೆನ್ನಾಗಿ ಕೇಳುತ್ತದೆ.

ದೂರದಲ್ಲಿ ನಿಲ್ಲುತ್ತಿದ್ದವನು ನನ್ನ ಹಗ್ಗದವನು. ಕನ್ಯಾನದ ಕಡೆಯ ಬ್ಯಾರಿ. ವಯಸ್ಸಿನಲ್ಲಿ ನನಗಿಂತ ಚಿಕ್ಕವನು, ಬಾಯಿ ಮಾತ್ರ ನನಗಿಂತ ದೊಡ್ಡದು. ತೊಂಬತ್ತರ ದಶಕದ ಕೊನೆಗೆ ಕೊಕ್ಕಡದಲ್ಲಿ ಹಾಲು ಬತ್ತಿದ ರಬ್ಬರ್ ಮರಗಳನ್ನು ಕಡಿಸುತ್ತಿದ್ದಾಗ ನಾವಿಬ್ಬರೂ ಸಿಕ್ಕಿದ್ದು. ಮರ ಹತ್ತಿ ಎತ್ತರದಲ್ಲಿ ಹಗ್ಗ ಕಟ್ಟಿ ಇಳಿಯುವುದು, ಮರ ಬೀಳಬೇಕಾದ ದಿಕ್ಕಿಗೆ ಹೋಗಿ, ಅದರ ತುದಿ ತಾಗದಷ್ಟು ದೂರದಲ್ಲಿ ನಿಂತು ಹಗ್ಗ ಎಳೆದು ಹಿಡಿಯುವುದು ಅವನ ಕೆಲಸ. ಬುಡ ಕೊಯ್ಯುವುದು ನನ್ನದು. ನಾವು ಮಾತಾಡುತ್ತಿದ್ದುದು ತುಳುವಿನಲ್ಲಿ. ನನ್ನನ್ನು ಬೈಯುವಾಗ ಅವನು ಬ್ಯಾರಿ ಭಾಷೆಗೆ ಹೋಗುತ್ತಿದ್ದ, ನನಗೆ ಅರ್ಥವಾಗುವುದಿಲ್ಲವೆಂದು. ಎಲ್ಲ ಅರ್ಥವಾಗುತ್ತಿತ್ತು.

ಮೆಷಿನ್ ಓಡುವಾಗ ಯಾವ ಭಾಷೆಯೂ ನಡೆಯುವುದಿಲ್ಲ, ಕೈ ಮಾತ್ರ. ಅವನು ಅಂಗೈ ಬಿಡಿಸಿ ಎತ್ತಿದರೆ ಮುಂದುವರಿಸು ಎಂದು, ಮುಷ್ಟಿ ಎತ್ತಿದರೆ ಸಾಕು ಎಂದು. ಮುಷ್ಟಿ ಕಂಡ ಕೂಡಲೇ ನಾನು ಬ್ಲೇಡು ಎಳೆದುಕೊಂಡು ಓಡಬೇಕು. ಓಡಿ ನಿಂತ ಮೇಲೆ ನಾನೂ ಒಂದು ಮುಷ್ಟಿ ಎತ್ತಿ ತೋರಿಸಬೇಕು. ಕಂಡಿತು, ನಾನು ಹೊರಗೆ ಬಂದೆ ಎಂದು ಅದರ ಅರ್ಥ. ಅದನ್ನು ನೋಡದೆ ಅವನು ಕೊನೆಯ ಎಳೆತ ಎಳೆಯುತ್ತಿರಲಿಲ್ಲ, ಹಗ್ಗವನ್ನೂ ಬಿಡುತ್ತಿರಲಿಲ್ಲ. ಒಮ್ಮೆ ಬೆಳ್ತಂಗಡಿಯ ಕಡೆ ದನದ ಹಟ್ಟಿಯ ಮೇಲೆ ವಾಲಿದ್ದ ಮಾವಿನ ಮರವೊಂದನ್ನು ಕೊಯ್ಯುವಾಗ ಮುಷ್ಟಿ ಕಂಡು ಓಡಿದವನು ನೀರು ಹರಿಯುವ ಕಣಿಗೆ ಬಿದ್ದೆ. ಕಾಲು ಉಳುಕಿದ ನೋವಿನಲ್ಲಿ ಕೈ ಎತ್ತುವುದು ಮರೆತೇಹೋಯಿತು. ಮರ ಅರ್ಧ ಕೊಯ್ದದ್ದು, ಗಾಳಿಗೆ ಹಟ್ಟಿಯ ಕಡೆಗೆ ಹೊಯ್ದಾಡುತ್ತಿತ್ತು. ಅವನು ಹಗ್ಗವನ್ನು ಸೊಂಟಕ್ಕೆ ಸುತ್ತಿ, ಹಿಮ್ಮಡಿ ಊರಿ, ಅಂಗೈಯ ಚರ್ಮ ಏಳುವವರೆಗೆ ಹಿಡಿದು ನಿಂತಿದ್ದ. ನಾನು ಕಣಿಯಿಂದ ತಲೆ ಎತ್ತಿ ಮುಷ್ಟಿ ತೋರಿಸಿದ ಮೇಲೆಯೇ ಮರ ಬಿದ್ದದ್ದು.

"ಕೈ ಎತ್ತಲಿಕ್ಕೆ ನಿನಗೆ ಎಂತ ರೋಗ?" ಎಂದು ಆ ದಿನವಿಡೀ ಬೈದ. ಬುತ್ತಿ ಬಿಚ್ಚಿದಾಗಲೂ ಬೈದ. ಬೈಯುತ್ತಲೇ ಅವನ ಮನೆಯಿಂದ ಬಂದ ಪತ್ತಿರಿ ರೊಟ್ಟಿಯಲ್ಲಿ ದೊಡ್ಡ ಪಾಲು ನನ್ನ ಎಲೆಗೆ ಹಾಕಿದ.

ಟ್ಯೂನಿಂಗಿಗೂ ಅದೇ ಕೈ. ಬೆಳಿಗ್ಗೆ ಕೆಲಸ ಸುರು ಮಾಡುವ ಮೊದಲು ಅವನು ಹಗ್ಗದ ಉದ್ದಕ್ಕೆ ಹೋಗಿ ನಿಲ್ಲುತ್ತಿದ್ದ. ನಾನು ಮೆಷಿನ್ನನ್ನು ನೆಲಕ್ಕೆ ಒತ್ತಿ ರೈಸ್ ಮಾಡುತ್ತ ಸ್ಕ್ರೂ ತಿರುಗಿಸುತ್ತಿದ್ದೆ. ಅಂಗೈ ಕಂಡಷ್ಟು ಹೊತ್ತು ತಿರುಗಿಸು, ಮುಷ್ಟಿ ಕಂಡರೆ ನಿಲ್ಲಿಸು. ಅವನ ಕಿವಿ ಒಮ್ಮೆಯೂ ತಪ್ಪಲಿಲ್ಲ. ಇದನ್ನು ಅವನ ಎದುರು ಯಾವತ್ತೂ ಹೇಳಿರಲಿಲ್ಲ, ಹೇಳಿದ್ದರೆ ತಲೆಯ ಮೇಲೆ ಕೂರುತ್ತಿದ್ದ.

ಅಂಥವನು ಗಲ್ಫಿಗೆ ಹೋದ. ಭಾವ ವೀಸಾ ಕಳಿಸಿದ, ಇವನು ಹೋದ. ಅವನ ಕಡೆಯವರೆಲ್ಲ ಹೋಗುವಾಗ ಇವನೊಬ್ಬ ಮರದ ಮೇಲೆ ಕೂತಿರಲಿಕ್ಕೆ ಆಗುತ್ತದೆಯೇ? ಹೊರಡುವ ಮುನ್ನಾ ದಿನ ಸಿದ್ಧಕಟ್ಟೆಯ ನನ್ನ ಬಿಡಾರಕ್ಕೆ ಬಂದು ಹಗ್ಗದ ಸುರುಳಿಯನ್ನು ಗೋಡೆಯ ಗೂಟಕ್ಕೆ ಅವನೇ ನೇತುಹಾಕಿದ. "ಎರಡು ವರ್ಷ ಮಾರಾಯ, ಅಷ್ಟೆ. ಹಗ್ಗ ಒದ್ದೆಯಾಗದ ಹಾಗೆ ನೋಡಿಕೋ," ಎಂದ.

ನಾನು ನೋಡಿಕೊಂಡೆ. ಮಳೆಗಾಲ ಕಳೆದ ಕೂಡಲೇ ಬಿಸಿಲಿಗೆ ಹಾಕಿ ಒಣಗಿಸಿ, ಮತ್ತೆ ಸುತ್ತಿ ಅದೇ ಗೂಟಕ್ಕೆ ಹಾಕುತ್ತಿದ್ದೆ. ನಡುವೆ ಬೇರೆ ಹಗ್ಗದವರನ್ನು ಇಟ್ಟುಕೊಂಡು ನೋಡಿದೆ. ಒಬ್ಬ ಮೇಯಿಸಲು ತಂದ ದನವನ್ನು ಹಿಡಿದ ಹಾಗೆ ಹಗ್ಗ ಹಿಡಿದು ಆಚೆ ಈಚೆ ನೋಡುತ್ತಿದ್ದ. ಇನ್ನೊಬ್ಬ ಬೀಡಿ ಹಚ್ಚಲು ಎರಡೂ ಕೈ ಬಿಟ್ಟ. ಅವತ್ತು ನಾನು ಬದುಕಿದ್ದೇ ಹೆಚ್ಚು. ಕೊನೆಗೆ ನಿಂತ ಮರದ ಸಹವಾಸವೇ ಬೇಡವೆಂದು ಗಾಳಿಗೆ ಬಿದ್ದ ಮರಗಳನ್ನು ತುಂಡು ಮಾಡುವ ಕೆಲಸ ಹಿಡಿದೆ. ಅದನ್ನು ಒಬ್ಬನೇ ಮಾಡಬಹುದು. ಒಬ್ಬನೇ ಬಸ್ಸು ಹತ್ತು, ಒಬ್ಬನೇ ಕೊಯ್ಯಿ, ಒಬ್ಬನೇ ಬುತ್ತಿ ಬಿಚ್ಚು. ಮೆಷಿನ್ ನಿಲ್ಲಿಸಿದ ಮೇಲೆ ತೋಟದಲ್ಲಿ ಒಂದು ಮೌನ ಬರುತ್ತದೆ. ಮೊದಲು ಆ ಹೊತ್ತಿಗೆ ಅವನ ಬೈಗುಳ ಸುರುವಾಗುತ್ತಿತ್ತು. ಈಗ ನಾನೇ ಮೆಷಿನ್ನಿಗೆ ಬೈಯುತ್ತಿದ್ದೆ, ಚೈನಿಗೆ ಬೈಯುತ್ತಿದ್ದೆ, ಇರುವೆಗಳಿಗೂ ಬೈಯುತ್ತಿದ್ದೆ. ನನಗೆ ಮದುವೆ ಆಗಿರಲಿಲ್ಲ. ಅವನು ಇದ್ದಷ್ಟು ದಿನ ನಾನು ಒಬ್ಬಂಟಿ ಎಂದು ನನಗೆ ಹೊಳೆದಿರಲೇ ಇಲ್ಲ.

ಎರಡು ವರ್ಷ ಆಯಿತು, ಅವನು ಬರಲಿಲ್ಲ. ಇನ್ನೊಂದು ವರ್ಷ ಎಂದ. ಆ ವರ್ಷದಲ್ಲೇ ನನ್ನ ಮೆಷಿನ್ನಿನ ಎಂಜಿನ್ ಕೈಕೊಟ್ಟಿತು. ಕಿವಿ ಇಲ್ಲದವನು ಅಂದಾಜಿಗೆ ಸ್ಕ್ರೂ ತಿರುಗಿಸಿದರೆ ಇನ್ನೇನಾಗುತ್ತದೆ, ಪಿಸ್ಟನ್ ಕಚ್ಚಿಕೊಂಡಿತು. ಬಿ.ಸಿ. ರೋಡಿನ ಅಂಗಡಿಯಲ್ಲಿ ಅದೇ ಅಳತೆಯ ಎಂಜಿನ್ ಇರಲಿಲ್ಲ. ದೊಡ್ಡದೊಂದು ಇತ್ತು, ಅದೇ ತೂತುಗಳಿಗೆ ಕೂರುತ್ತದೆ ಎಂದರು.

"ಆದರೆ ನಿಮಗೊಬ್ಬರಿಗೆ ಇಷ್ಟು ದೊಡ್ಡದು ಯಾಕೆ? ಬಿದ್ದ ಮರ ಕೊಯ್ಯಲಿಕ್ಕೆ?" ಎಂದು ಅಂಗಡಿಯವರು ಕೇಳಿದರು.

"ಒಬ್ಬನಿಗಲ್ಲ. ನಾವು ಇಬ್ಬರು," ಎಂದೆ.

ಹೌದು, ನನ್ನ ಲೆಕ್ಕಾಚಾರ ಅದೇ ಆಗಿತ್ತು. ದೊಡ್ಡ ಎಂಜಿನ್, ಉದ್ದದ ಬ್ಲೇಡು. ಅವನು ಬಂದ ಮೇಲೆ ಮೊದಲು ಬಿಟ್ಟುಬಿಡುತ್ತಿದ್ದ ತೋರ ಮರಗಳನ್ನೂ ಹಿಡಿಯಬಹುದು. ಅವನು ಬರುತ್ತಾನೆ ಎಂಬುದಕ್ಕೆ ನನ್ನ ಕೈಯಲ್ಲಿ ಬೇರೆ ಏನೂ ಇರಲಿಲ್ಲ. ಒಂದು ಹಗ್ಗ, ಈಗ ಈ ಎಂಜಿನ್. "ನಾವೇ ಟ್ಯೂನ್ ಮಾಡಿ ಕೊಡ್ತೇವೆ" ಎಂದರು ಅಂಗಡಿಯವರು. ಬೇಡವೆಂದೆ. ಅವರು ಎಲ್ಲ ಮೆಷಿನ್ನುಗಳನ್ನೂ ಗಿರಾಕಿಗೆ ಖುಷಿಯಾಗುವ ಹಾಗೆ ಕಿರುಚಿಸಿ ಕಳಿಸುವವರು. ಹಳೆಯ ಕಾರ್ಬೊರೇಟರ್, ಹೊಸ ದೊಡ್ಡ ಎಂಜಿನ್; ಇದು ಹೆಚ್ಚು ಗಾಳಿ ಎಳೆಯುತ್ತದೆ, ಹೆಚ್ಚು ಪೆಟ್ರೋಲ್ ಕೇಳುತ್ತದೆ. ಹಳೆಯ ಜಾಗದಲ್ಲೇ ಸ್ಕ್ರೂ ಬಿಟ್ಟು ಓಡಿಸಿದರೆ ಕಥೆ ಮುಗಿಯಿತು. ಪ್ಲಗ್ ಬಿಚ್ಚಿ ಅದರ ಬಣ್ಣ ನೋಡಿಯೂ ಹೇಳಬಹುದು, ಗೊತ್ತಿದೆ ನನಗೆ. ಆದರೆ ಪ್ಲಗ್ ಹೇಳುವುದು ಎಲ್ಲ ಆದ ಮೇಲಿನ ಸುದ್ದಿ.

ಬಿಡಾರದ ಅಂಗಳದಲ್ಲಿ ಗೋಣಿ ಹಾಸಿ ನಾನೇ ಎಂಜಿನ್ ಕೂರಿಸಿದೆ. ನಮ್ಮ ಮನೆಯೊಡತಿ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದರು. ಮೂಡುಬಿದಿರೆಯಿಂದ ಮದುವೆಯಾಗಿ ಬಂದ ಜೈನರ ಹೆಂಗಸು, ವಯಸ್ಸಾಗಿತ್ತು. ನನ್ನ ಮೇಲೆ ಪ್ರೀತಿ, ನನ್ನ ಮೆಷಿನ್ನಿನ ಮೇಲೆ ಕೋಪ. ಅವರು ಸೂರ್ಯ ಮುಳುಗುವುದರೊಳಗೆ ಊಟ ಮಾಡುವವರು, ಊಟಕ್ಕೆ ಕೂತಾಗ ಮೆಷಿನ್ ಸದ್ದು ಇರಬಾರದು. ಅದೊಂದು ಕಾನೂನು.

ಹೊಸ ಎಂಜಿನ್ನಿನ ಸ್ಟಾರ್ಟರ್ ಹಗ್ಗ ಎಳೆದರೆ ಅಬ್ಬಾ, ಅದು ನನ್ನ ಕೈಯನ್ನೇ ವಾಪಸ್ ಎಳೆಯಿತು. ಬೆರಳು ಕಿತ್ತುಹೋಗಲಿಲ್ಲ, ಪುಣ್ಯ. ಅಂತೂ ಸ್ಟಾರ್ಟ್ ಆಯಿತು, ಸಣ್ಣಗೆ ಓಡಿತು. ಪೂರ್ತಿ ರೈಸ್ ಮಾಡಲು ಧೈರ್ಯ ಬರಲಿಲ್ಲ. ಬಂದ್ ಮಾಡಿ ಶುಕ್ರವಾರಕ್ಕೆ ಕಾದೆ. ಅವನಿಗೆ ಶುಕ್ರವಾರ ರಜೆ, ಸಂಜೆ ಫೋನ್ ಮಾಡುತ್ತಿದ್ದ. ನಾನು ಹಿಂದಿನ ವರ್ಷ ಒಂದು ಮೊಬೈಲ್ ತೆಗೆದುಕೊಂಡಿದ್ದೆ. ಮೂಡುಬಿದಿರೆಯಲ್ಲಿರುವ ನನ್ನ ಅಕ್ಕನನ್ನು ಬಿಟ್ಟರೆ ಆ ನಂಬರಿಗೆ ಫೋನ್ ಮಾಡುವವನು ಅವನೊಬ್ಬನೇ.

"ದೊಡ್ಡ ಎಂಜಿನ್ ಹಾಕಿದ್ದೇನೆ. ನೀನು ಕೇಳಿ ಹೇಳಬೇಕು," ಎಂದೆ.

"ನಿನಗೆ ಮಂಡೆ ಸಮ ಉಂಟಾ? ಫೋನಿನಲ್ಲಿ ಮೆಷಿನ್ ಟ್ಯೂನ್ ಮಾಡುದಾ?" ಎಂದ. ಆದರೆ ಸ್ವರದಲ್ಲಿ ಖುಷಿ ಇತ್ತು. "ಆಯ್ತು, ಬಿಡು. ನೋಡುವ."

ಗೋಡೆಯಿಂದ ಹಗ್ಗ ತೆಗೆದೆ. ಮೆಷಿನ್ನಿನಿಂದ ಅಂಗಳದ ಉದ್ದಕ್ಕೆ ಎಳೆದುಕೊಂಡು ಹೋದೆ. ಅದು ಮುಗಿದದ್ದು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ. ಕಲ್ಲಿನ ಮೇಲೆ ಹೆಗಲ ಬೈರಾಸು ಮಡಚಿ ಅದರ ಮೇಲೆ ಫೋನ್ ಇಟ್ಟೆ. ಅವನು ನಿಲ್ಲುತ್ತಿದ್ದ ದೂರಕ್ಕೆ ಸರಿಯಾಗಿ. ಬಂದು ಮೆಷಿನ್ ಎಳೆದೆ, ಮೊಣಕಾಲಿನಿಂದ ಒತ್ತಿ ರೈಸ್ ಮಾಡಿದೆ, ಎಡಗೈಯಿಂದ ಸ್ಕ್ರೂವನ್ನು ಮೆಲ್ಲ ಸಡಿಲ ಮಾಡುತ್ತ ಕಲ್ಲಿನ ಕಡೆ ನೋಡಿದೆ. ನೋಡುತ್ತಲೇ ಇದ್ದೆ. ಇನ್ನೂ ಸ್ವಲ್ಪ ಬಿಟ್ಟೆ. ಇನ್ನೂ ಸ್ವಲ್ಪ. ಅಂಗಳ ತುಂಬ ಹೊಗೆ. ಮೆಷಿನ್ ಗುರುಗುಟ್ಟಿ, ಕೆಮ್ಮಿ, ನಿಂತುಹೋಯಿತು.

ಓಡಿಹೋಗಿ ಫೋನ್ ಎತ್ತಿದೆ. "ಎಂತ ಮಾರಾಯ ನೀನು! ಹೊಗೆ ಹಾಕಿ ನಿಂತಿತು. ಸಾಕು ಅಂತ ಯಾಕೆ ಹೇಳಲಿಲ್ಲ?"

"ಹೇಳಿದೆನಲ್ಲ ಮಾರಾಯ! ಆಗಲೇ ಮುಷ್ಟಿ ಎತ್ತಿದೆ. ನೀನು ತಿರುಗಿಸಿಕೊಂಡೇ ಹೋದೆ."

ಆಗಲೇ ನನಗೆ ಹೊಳೆದದ್ದು. ಅವನು ಆ ಮರಳಿನ ಊರಿನಲ್ಲಿ ರಸ್ತೆಯ ಬದಿಗೆ ನಿಂತು ನನಗಾಗಿ ಮುಷ್ಟಿ ಎತ್ತಿದ್ದಾನೆ. ನಾನಾದರೂ ಬುದ್ಧಿವಂತನೇ? ಒಗೆಯುವ ಕಲ್ಲಿನ ಮೇಲೆ ಅವನ ಕೈ ಕಾಣುತ್ತದೆಂದು ಕಾಯುತ್ತ ಕೂತಿದ್ದೆ.

"ಇಲ್ಲಿ ಒಬ್ಬ ಟ್ಯಾಕ್ಸಿಯವ ಗಾಡಿ ನಿಲ್ಲಿಸಿದ, ನಾನು ಕೈ ಎತ್ತಿದ್ದಕ್ಕೆ. ಈಗ ಬೈತಿದ್ದಾನೆ," ಎಂದ. ನಾನು ನಕ್ಕೆ. ಅವನೂ ನಕ್ಕ. ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಷ್ಟು ನಕ್ಕದ್ದು ಅವನು ಹೋದ ಮೇಲೆ ಅದೇ ಮೊದಲು. ಆ ನಗುವಿನ ಧೈರ್ಯದಲ್ಲೇ ಕೇಳಿಬಿಟ್ಟೆ.

"ಯಾವಾಗ ಬರ್ತಿ ನೀನು? ಸರಿಯಾಗಿ ಹೇಳು. ಈ ಎಂಜಿನ್ ಇಬ್ಬರ ಕೆಲಸಕ್ಕೆ ತಂದದ್ದು."

ಅವನ ನಗು ನಿಂತಿತು.

"ನೀನು ಹಗ್ಗಕ್ಕೆ ಬೇರೆ ಯಾರನ್ನಾದರೂ ನೋಡು ಮಾರಾಯ."

"ಎಂತಕ್ಕೆ?"

"ಬಲಗೈಯ ಭುಜ ಮೊದಲಿನ ಹಾಗೆ ಇಲ್ಲ. ಇಲ್ಲಿ ಗೋದಾಮಿನಲ್ಲಿ ಮೂಟೆ ಹೊತ್ತು ಹೊತ್ತು ಹೋಯಿತು. ಊರಿಗೆ ಬಂದರೂ ಇನ್ನು ಮರ ಹತ್ತಲಿಕ್ಕೆ ಆಗುದಿಲ್ಲ ನನಗೆ. ಹೇಳುವ ಅಂತ ಎಷ್ಟು ಸಲ ಫೋನ್ ಮಾಡಿದೆ. ನೀನು ಹಗ್ಗ ಬಿಸಿಲಿಗೆ ಹಾಕಿದೆ ಅಂತ ಹೇಳುವಾಗ ಬಾಯಿ ಬರ್ಲಿಲ್ಲ."

ನನಗೆ ಸಿಟ್ಟು ಬಂತು. ಅವನ ಮೇಲಲ್ಲ, ಯಾರ ಮೇಲೆಂದು ಗೊತ್ತಿಲ್ಲ. ಆ ಭುಜದ ಮೇಲೆ ಇರಬೇಕು. ಸಿಟ್ಟು ಇಳಿದಾಗ ಅಳು ಬಂತು, ಮುಚ್ಚುಮರೆ ಎಂತದು. ಕಾಲಿನ ಹತ್ತಿರ ಅವನ ಹಗ್ಗ ಉದ್ದಕ್ಕೆ ಬಿದ್ದಿತ್ತು. ಎಷ್ಟು ಮಳೆಗಾಲ ಅದನ್ನು ಕಾಪಾಡಿದೆ.

"ಹಾಗಾದರೆ ಇಡು ಫೋನ್," ಎಂದೆ.

"ಇಡುದಿಲ್ಲ. ಮೆಷಿನ್ನನ್ನು ಹೀಗೆ ಅರ್ಧಕ್ಕೆ ಬಿಟ್ಟರೆ ನೀನು ನಾಳೆಯೇ ಅದನ್ನು ಸುಟ್ಟು ಹಾಕ್ತಿ. ಗೊತ್ತುಂಟು ನಿನ್ನ ಕಿವಿ. ಅದನ್ನು ಸರಿ ಮಾಡಿಯೇ ಇಡುವ."

"ನಿನ್ನ ಕೈ ಕಾಣುವುದಿಲ್ಲವಲ್ಲ!"

"ಬೊಬ್ಬೆ ಹಾಕಿದರೂ ನಿನಗೆ ಕೇಳ್ಲಿಕ್ಕಿಲ್ಲ," ಎಂದು ಸ್ವಲ್ಪ ಯೋಚಿಸಿದ. "ಒಂದು ಕೆಲಸ ಮಾಡುವ. ಸರಿಯಾದ ಕೂಡಲೇ ನಾನು ಫೋನ್ ಕಟ್ ಮಾಡ್ತೇನೆ. ಕಟ್ ಆದರೆ ನಿನ್ನ ಫೋನಿಗೆ ಲೈಟ್ ಬರ್ತದೆ ಅಲ್ವಾ? ಅದೇ ಮುಷ್ಟಿ ಅಂತ ತಿಳಿದುಕೋ. ಕತ್ತಲೆ ಇರುವಲ್ಲಿ ಇಡು, ಕಾಣ್ತದೆ. ಮತ್ತೆ, ಈ ಸಲ ಸಡಿಲ ಮಾಡಿದ ಕಡೆಯಿಂದ ಬಾ, ಮೆಲ್ಲ ಬಿಗಿ ಮಾಡಿಕೊಂಡು. ಎಂಜಿನ್ ಹಾಳಾಗುದಿಲ್ಲ."

ಒಗೆಯುವ ಕಲ್ಲಿನ ಹಿಂದೆಯೇ ಬಚ್ಚಲುಕೊಟ್ಟಿಗೆ. ಬಾಗಿಲಿಲ್ಲ, ಒಳಗೆ ಕತ್ತಲೆ. ಹಂಡೆಗೆ ಒರಗಿಸಿ, ಮುಖ ನನ್ನ ಕಡೆಗೆ ಮಾಡಿ ಫೋನ್ ಇಟ್ಟೆ. ಇಡುವ ಮೊದಲು ಏನಾದರೂ ಹೇಳಬೇಕೆನಿಸಿತು. "ಊಟ ಸರಿ ಮಾಡು," ಎಂದೆ.

"ನೀನು ಮೊದಲು ಹೋಗಿ ಮೆಷಿನ್ ಎಳಿ. ನನ್ನ ಫೋನ್ ಕಾರ್ಡ್ ಮುಗಿತದೆ," ಎಂದ.

ಮೆಷಿನ್ ಕೆಮ್ಮಿ ಕೆಮ್ಮಿ ಹಿಡಿಯಿತು. ಮೊಣಕಾಲು ಒತ್ತಿ, ರೈಸ್ ಮಾಡಿ, ಸ್ಕ್ರೂ ಡ್ರೈವರಿನ ತುದಿಯನ್ನು ಸ್ಕ್ರೂವಿಗೆ ಕೊಟ್ಟೆ. ಒಂದು ಕೂದಲೆಳೆಯಷ್ಟು ಬಿಗಿ ಮಾಡಿದೆ. ಬಚ್ಚಲಿನಲ್ಲಿ ಕತ್ತಲೆಯೇ ಇತ್ತು. ಇನ್ನೊಂದು ಕೂದಲೆಳೆ. ಹೊಗೆ ತೆಳ್ಳಗಾಯಿತು. ಸ್ವರ ಬಿಚ್ಚಿಕೊಳ್ಳುತ್ತಿದೆ ಎಂದು ಮೊಣಕಾಲಿಗೆ ತಿಳಿಯುತ್ತಿತ್ತು, ಕಿವಿಗಲ್ಲ. ಕತ್ತಲೆ ಇರುವಷ್ಟು ಹೊತ್ತು ಅವನು ಅಲ್ಲಿದ್ದಾನೆ, ಕೇಳುತ್ತಿದ್ದಾನೆ. ಅದಕ್ಕೇ ನಾನು ಕಂಜೂಸಿಯ ಹಾಗೆ ತಿರುಗಿಸಿದೆ. ತಿರುಗಿಸದೆಯೂ ಸ್ವಲ್ಪ ಹೊತ್ತು ಹಾಗೇ ರೈಸ್ ಮಾಡುತ್ತ ಕೂತೆ. ಎಂಜಿನ್ನಿಗೆ ನಷ್ಟವಿಲ್ಲ ಎಂದು ಅವನೇ ಹೇಳಿದ್ದನಲ್ಲ. ನನ್ನ ಉಪಾಯ ಅವನಿಗೆ ತಿಳಿದಿರಲೇಬೇಕು, ಅಂಥ ಕಿವಿಯವನಿಗೆ ತಿಳಿಯದೆ ಇರುತ್ತದೆಯೇ? ಆದರೂ ಕಟ್ ಮಾಡಲಿಲ್ಲ. ಕಾರ್ಡ್ ಮುಗಿಯುತ್ತದೆ ಎಂದವನು ಕಾದ. ಕೊನೆಗೆ ನನಗೇ ಪಾಪ ಎನಿಸಿತು, ಇನ್ನೂ ಒಂದು ಎಳೆ ಬಿಗಿ ಮಾಡಿದೆ.

ಬಚ್ಚಲಿನ ಒಳಗೆ ನೀಲಿ ಬೆಳಕು ಹತ್ತಿತು.

ಸ್ಕ್ರೂ ಡ್ರೈವರ್ ತೆಗೆದೆ. ಪಕ್ಕದಲ್ಲಿದ್ದ ಹಲಸಿನ ತುಂಡಿಗೆ ಬ್ಲೇಡು ಹಚ್ಚಿದೆ. ಬೆಣ್ಣೆಗೆ ಇಳಿದ ಹಾಗೆ ಇಳಿಯಿತು, ಹಳದಿ ಹೊಟ್ಟು ನನ್ನ ಪಾದದ ಮೇಲೆ ರಾಶಿ ಬಿತ್ತು. ಅವನು ಹೇಳಿದ ಜಾಗವೇ ಸರಿ. ಆಮೇಲೆ ಎಷ್ಟೋ ವರ್ಷ ಆ ಸ್ಕ್ರೂವನ್ನು ನಾನು ಮುಟ್ಟಲಿಲ್ಲ.

ಮೆಷಿನ್ ಸಣ್ಣಗೆ ಓಡುತ್ತಿತ್ತು. ಬಚ್ಚಲಿನ ಬೆಳಕು ತಾನಾಗಿಯೇ ಆರಿತು. ಅಲ್ಲಿಯವರೆಗೂ ನಾನು ಕೈ ಎತ್ತಿರಲಿಲ್ಲ. ಮನಸ್ಸು ಬಂದಿರಲಿಲ್ಲ. ನಾನು ಎತ್ತದಿದ್ದರೆ ಅವನು ಹಗ್ಗ ಬಿಡುವವನಲ್ಲ. ಆ ಹಾಳಾದ ಭುಜವನ್ನು ಇಟ್ಟುಕೊಂಡು ಅಲ್ಲಿಯೇ ನಿಂತಿರುತ್ತಾನೆ. ಕತ್ತಲೆಯ ಬಚ್ಚಲಿನ ಕಡೆ ತಿರುಗಿ ಮುಷ್ಟಿ ಎತ್ತಿ ತೋರಿಸಿದೆ.

ಅಡುಗೆಮನೆಯ ಕಿಟಕಿಯಿಂದ ಮನೆಯೊಡತಿ ಕೂಗುತ್ತಿದ್ದರು. ಏನೆಂದು ಕೇಳಿಸಲಿಲ್ಲ. ಹತ್ತಿರ ಹೋದೆ.

"ಯಾರಿಗೆ ಮಾರಾಯ ಕೈ ತೋರಿಸ್ತಿದ್ದಿ? ಅಲ್ಲಿ ಯಾರುಂಟು?"

"ಯಾರೂ ಇಲ್ಲಮ್ಮ. ಮೆಷಿನ್ ಸರಿಯಾಯಿತು."

"ಸರಿಯಾಯಿತಲ್ಲ, ಇನ್ನು ಬಂದ್ ಮಾಡು. ಹೊತ್ತು ಮುಳುಗಲಿಕ್ಕೆ ಬಂತು, ನಾನು ಊಟಕ್ಕೆ ಕೂರಬೇಕು."

ಹೋಗಿ ಬಂದ್ ಮಾಡಿದೆ.